ಮಗುಚಬಾರದ ಮೂರ್ತಿ

ಭಾನುವಾರ, ಮಧ್ಯಾಹ್ನ

ಮೌನಿಗಳಿಗೆ, ನಿಮ್ಮ ಮನೆಯ ಗದ್ದಲದವಳ ನಮಸ್ಕಾರ.

ನಿಮ್ಮ ಕಾಗದ ಬಂತು. ಹೋದ ವಾರವೂ ಒಂದು ಬಂದಿತ್ತು, ಅದಕ್ಕೆ ಬೇಕೆಂದೇ ಉತ್ತರ ಬರೆದಿರಲಿಲ್ಲ. ಎರಡರಲ್ಲೂ ಇರುವುದು ಒಂದೇ ಸಂಗತಿ. ಕೆಳಗಿನ ಧ್ಯಾನದ ಕೋಣೆಯಲ್ಲಿರುವ ಕಂಚಿನ ಬುದ್ಧನನ್ನು ನೀವಿರುವ ಕೆರೆಯಾಚೆಯ ಧ್ಯಾನಕೇಂದ್ರಕ್ಕೆ ಕಳಿಸಿಕೊಡಬೇಕು. ಹೇಗೆ ಎತ್ತಬೇಕು, ಹೇಗೆ ಸುತ್ತಬೇಕು, ವ್ಯಾನಿನಲ್ಲಿ ಮುಖ ಯಾವ ಕಡೆಗಿರಬೇಕು ಎಂದು ಒಂದು ಪುಟ ತುಂಬ ಬರೆದಿದ್ದೀರಿ. ಹೆಂಡತಿ ಹೇಗಿದ್ದಾಳೆ, ಮೊಣಕಾಲು ನೋವು ಕಡಿಮೆಯಾಯಿತಾ ಎನ್ನುವುದಕ್ಕೆ ಮಾತ್ರ ಎರಡು ಕಾಗದದಲ್ಲೂ ಜಾಗ ಸಾಲಲಿಲ್ಲ ಎಂದು ಕಾಣುತ್ತದೆ.

ಇರಲಿ. ಕಳಿಸುತ್ತೇನೆ. ಬುಧವಾರ ಬೆಳಗ್ಗೆ ವ್ಯಾನಿನವನಿಗೆ ಬರಲು ಹೇಳಿದ್ದೇನೆ. ಅದು ಬೀದಿಯ ತಿರುವು ದಾಟಿದ ಮೇಲೆ ಕೋಣೆಗೆ ಬೀಗ ಹಾಕಿ ನಾನು ಮಗಳ ಮನೆಗೆ ಹೊರಡುತ್ತೇನೆ. ನಾಲ್ಕು ದಿನ ಇದ್ದು ಬರುವ ಹಾಗೆ ಹೋಗುತ್ತಿಲ್ಲ. ನೀವು ಅಲ್ಲಿಂದ ಬಂದರೂ ಬಾಗಿಲು ತೆಗೆಯಲು ನಾನು ಇಲ್ಲಿರುವುದಿಲ್ಲ. ಬೀಗದ ಕೈ ಪಕ್ಕದ ಮನೆಯ ದರ್ಜಿಯ ಹತ್ತಿರ ಇರುತ್ತದೆ. ಈ ಸಾಲುಗಳನ್ನು ಬರೆಯುವುದು ಕಷ್ಟವಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ನನ್ನ ಪೆಟ್ಟಿಗೆ ಆಗಲೇ ಕಟ್ಟಿಟ್ಟಿದ್ದೇನೆ. ನಿಮ್ಮ ಬಟ್ಟೆಗಳನ್ನೂ ಮಡಚಿ ಬೀರುವಿನಲ್ಲಿಟ್ಟಿದ್ದೇನೆ. ನೀಲಿ ಕಾಲುಚೀಲದ ಜೋಡಿಯಲ್ಲಿ ಒಂದು ಈಗಲೂ ಸಿಕ್ಕಿಲ್ಲ. ಹೋದ ವರ್ಷದಿಂದ ಹುಡುಕುತ್ತಿದ್ದೇನೆ, ಹಾಳಾದದ್ದು ಎಲ್ಲಿ ಹೋಯಿತೋ.

ನಿಮ್ಮ ಸೂಚನೆಗಳ ವಿಷಯಕ್ಕೆ ಬರುತ್ತೇನೆ. ತಲೆಯನ್ನಾಗಲಿ ಕೈಯನ್ನಾಗಲಿ ಹಿಡಿದು ಎತ್ತಬಾರದು, ಪೀಠದ ಕೆಳಗೆ ಎರಡೂ ಅಂಗೈ ಕೊಡಬೇಕು ಎಂದು ಬರೆದಿದ್ದೀರಿ. ಬರಿಗೈಯ ಬೆವರು ಕಂಚಿಗೆ ಆಗದು, ಹತ್ತಿಯ ಕೈಗವಸು ಹಾಕಿಕೊಳ್ಳಬೇಕು ಎಂದಿದ್ದೀರಿ. ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ತೇವ ಒಳಗೇ ಉಳಿದು ಹಸಿರು ಕಲೆ ಏಳುತ್ತದಂತೆ. ಇದನ್ನೆಲ್ಲ ನೀವು ಯಾರಿಗೆ ಹೇಳಿಕೊಡುತ್ತಿದ್ದೀರಿ? ಮದುವೆಯಾದಾಗಿನಿಂದ ಆ ಮೂರ್ತಿಯ ಧೂಳು ತೆಗೆದವಳು ನಾನು. ತಲೆಯ ಮೇಲಿನ ಗುಂಗುರು ಒಂದೊಂದರ ಸಂದಿಗೂ ನಿಮ್ಮ ಹಳೇ ಗಡ್ಡದ ಬ್ರಷ್ಷು ಹಾಕಿ, ಒದ್ದೆ ಮಾಡದೆ, ಒತ್ತದೆ ಒರೆಸಿದವಳು ನಾನು. ಹೊಸದಾಗಿ ಬಂದವರು ಪಾತ್ರೆ ಹೊಳೆಯಿಸುವ ಪೇಸ್ಟು ಹಿಡಿದು ಬಂದಾಗಲೆಲ್ಲ, ಆ ಕಂದು ಬಣ್ಣ ಕೊಳೆಯಲ್ಲ, ಕಂಚು ಕಾಲದಿಂದ ಕಾಲಕ್ಕೆ ತಾನೇ ಹೊದ್ದುಕೊಂಡದ್ದು, ಅದನ್ನು ತಿಕ್ಕಿ ತೆಗೆದರೆ ಮೂರ್ತಿಯ ವಯಸ್ಸನ್ನೇ ಕಿತ್ತ ಹಾಗೆ ಎಂದು ಗಂಟಲು ಹರಿದುಕೊಂಡವಳೂ ನಾನೇ. ನೀವು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಿರಿ.

ಕೊನೆಯ ಸೂಚನೆಯ ಕೆಳಗೆ ಮಾತ್ರ ಗೆರೆ ಎಳೆದಿದ್ದೀರಿ. ಯಾವ ಕಾರಣಕ್ಕೂ ಮೂರ್ತಿಯನ್ನು ಮಗುಚಬಾರದು, ಪೀಠದಡಿಯ ಬಟ್ಟೆಗೆ ಕೈ ಹಚ್ಚಬಾರದು, ಅದು ಅಪಚಾರ ಎಂದು. ಈ ಅಪಚಾರ ಹೊಸದು. ಈ ಮನೆಗೆ ಬಂದ ವರ್ಷ ನೀವೂ ನಾನೂ ಸೇರಿ ಬುದ್ಧನನ್ನು ಹಾಸಿಗೆಯ ಮೇಲೆ ಮಲಗಿಸಿ, ಅಡಿಯ ಹಲಗೆ ಬಿಚ್ಚಿ, ಒಳಗಿನ ಧೂಳು ಕೊಡವಿ, ಹೊಸ ಹಸಿರು ಬಟ್ಟೆ ಅಂಟಿಸಿದ್ದೆವು. ಒಳಗೆಲ್ಲ ಪೊಳ್ಳು ಎಂದು ನಾನು ನಕ್ಕಾಗ, ಪೊಳ್ಳಾಗಿರುವುದರಿಂದಲೇ ಅವನು ಹಗುರ ಎಂದು ನೀವೂ ನಕ್ಕಿದ್ದಿರಿ. ಆಗ ಇಲ್ಲದ ಅಪಚಾರ, ಮೂರ್ತಿ ಮಗುಚಬೇಡ ಎಂದು ಹೋದ ವರ್ಷ ನೀವು ಶುರುಮಾಡಿದಾಗ ಎಲ್ಲಿಂದ ಬಂತು? ಹೋದ ವರ್ಷದಿಂದ ಈ ಮನೆಯಲ್ಲಿ ಎಲ್ಲವೂ ಹೊಸದೇ.

ಮೊದಲೆಲ್ಲ ಧ್ಯಾನ ಮುಗಿದ ಮೇಲೆ ಜನ ಸುತ್ತ ಕೂತು ಪ್ರಶ್ನೆ ಕೇಳುತ್ತಿದ್ದರು. ನನಗೆ ಅದೇ ಇಷ್ಟವಾದ ಹೊತ್ತು. ವಕೀಲರು ವಾದಕ್ಕೆ ಇಳಿಯುತ್ತಿದ್ದರು, ಬ್ಯಾಂಕಿನಾಕೆ ನಗಿಸುತ್ತಿದ್ದಳು, ನೀವು ಒಬ್ಬೊಬ್ಬರಿಗೂ ತಕ್ಕ ಹಾಗೆ ಹೇಳುತ್ತಿದ್ದಿರಿ. ಅದನ್ನು ನಿಲ್ಲಿಸಿದಿರಿ. ಪ್ರಶ್ನೆಯಿದ್ದರೆ ಚೀಟಿಯಲ್ಲಿ ಬರೆದು ತಟ್ಟೆಯಲ್ಲಿ ಹಾಕಿ, ಬರೆಯುವಾಗಲೇ ಅರ್ಧ ಪ್ರಶ್ನೆ ಕರಗುತ್ತದೆ ಎಂದಿರಿ. ಎಲ್ಲರೂ ಎಷ್ಟು ದೊಡ್ಡ ಮಾತು ಎಂದು ತಲೆದೂಗಿದರು. ನನಗೆ ಮೈ ಉರಿಯಿತು. ಒಬ್ಬ ಹೆಂಗಸು ಗಂಡ ತೀರಿಕೊಂಡ ದುಃಖವನ್ನು ಹೇಳಿಕೊಂಡು ಅಳುತ್ತಿದ್ದಾಗ ನೀವು ಅವಳನ್ನೇ ನೋಡುತ್ತಾ ಮುಗುಳ್ನಗುತ್ತಾ ಕೂತಿದ್ದಿರಿ. ಅವಳು ಹೋಗುವಾಗ, ಗುರುಗಳ ನಗು ನೋಡಿದ್ದೇ ಸಾಕು ಎಂದಳು. ನಾನು ಅವಳ ಚಪ್ಪಲಿ ಸರಿಸಿ ಕೊಟ್ಟು ತಲೆ ತಗ್ಗಿಸಿದೆ. ಅಳುವವರ ಎದುರು ನಗುವುದು ಯಾವ ಊರಿನ ಜ್ಞಾನ?

ಗಂಟೆಯ ವಿಷಯವೂ ಹಾಗೆಯೇ. ಗಂಟೆ ಬಾರಿಸಿ, ಅದರ ದನಿ ಪೂರ್ತಿ ಅಡಗುವವರೆಗೆ ಕಾದು, ಆಮೇಲೆ ಕೈಮುಗಿದು ಏಳಬೇಕು ಎಂದು ಎಲ್ಲರಿಗೂ ಕಲಿಸಿದವರು ನೀವು. ಈಚೆಗೆ ದನಿ ಇನ್ನೂ ಕೋಣೆಯಲ್ಲಿ ಸುತ್ತುತ್ತಿರುವಾಗಲೇ ನೀವು ಕೈಮುಗಿದು ಎದ್ದುಬಿಡುತ್ತಿದ್ದಿರಿ. ಗುರುಗಳು ಶಬ್ದವನ್ನು ದಾಟಿದ್ದಾರೆ ಎಂದು ವಕೀಲರು ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟಿದರು. ನಮ್ಮವರಿಗೆ ಹಸಿವಾಗಿದೆ ಎಂದು ನಾನು ಒಳಗೆ ತಟ್ಟೆ ಹಾಕಿದೆ. ಆಮೇಲೆ ಇದ್ದ ಗಂಟೆ ಸಾಲದೆಂದು ದೊಡ್ಡದೊಂದು ತಂದಿರಿ. ಬಾರಿಸಿದರೆ ಪಕ್ಕದ ಮನೆಯ ದರ್ಜಿಯ ಹೊಲಿಗೆ ತಪ್ಪುತ್ತದೆ.

ಮಗಳು ಫೋನ್ ಮಾಡಿದರೆ ನೀವು ಎರಡು ಸಲ ಹೂಂಗುಟ್ಟಿ ನನ್ನ ಕೈಗೆ ಕೊಡುತ್ತಿದ್ದಿರಿ. ಅಪ್ಪನ ಜೊತೆ ಮಾತಾಡುವುದೂ ಗೋಡೆಯ ಜೊತೆ ಮಾತಾಡುವುದೂ ಒಂದೇ ಎಂದು ಅವಳು ಅಂದಳು. ಅಪ್ಪ ದೊಡ್ಡ ಸಾಧನೆಯಲ್ಲಿದ್ದಾರೆ ಕಣೇ ಎಂದು ನಾನು ನಿಮ್ಮ ಪರ ವಹಿಸಿದೆ. ನೋಡಿ, ನನ್ನ ಹಣೆಬರಹ. ಕಡೆಗೆ ಫೋನೇ ಬೇಡ, ಕಾಗದ ಬರೆಯಿರಿ, ಕಾಗದ ಬರೆಯುವವನ ಮನಸ್ಸು ನಿಧಾನವಾಗುತ್ತದೆ ಎಂದು ಅಪ್ಪಣೆಯಾಯಿತು. ಅದಕ್ಕೇ ಈ ಭಾನುವಾರ ನಾನು ಬೆರಳು ನೋಯಿಸಿಕೊಂಡು ಕೂತಿದ್ದೇನೆ. ನನ್ನ ಮನಸ್ಸೇನೂ ನಿಧಾನವಾಗಿಲ್ಲ.

ಬಚ್ಚಲಲ್ಲಿ ಜಾರಿ ಬಿದ್ದ ದಿನ ನೆನಪಿದೆಯೇ? ನನಗಂತೂ ಮೊಣಕಾಲು ದಿನಾ ನೆನಪಿಸುತ್ತದೆ. ಏಳಲಾಗದೆ ಕೂತಲ್ಲಿಂದಲೇ ನಿಮ್ಮನ್ನು ಕೂಗಿದೆ. ನೀವು ಮೂರ್ತಿಯ ಎದುರು ಕೂತಿದ್ದಿರಿ, ನಡುವೆ ಇದ್ದದ್ದು ಒಂದು ಮೆಟ್ಟಿಲ ಸಾಲು ಮಾತ್ರ. ಕೂಗಿ ಕೂಗಿ ದನಿ ಬಿದ್ದುಹೋಯಿತು. ಧ್ಯಾನ ಮುಗಿಸಿ, ಸಾವಕಾಶವಾಗಿ ಮೇಲೆ ಬಂದು, ನೀರು ತುಂಬಿದ ಬಕೆಟ್ಟಿನ ಪಕ್ಕದಲ್ಲಿ ನನ್ನನ್ನು ಕಂಡು ನೀವು ಆಡಿದ ಮಾತು ಇದು: "ಯಾಕೆ ಇಲ್ಲಿ ಕೂತಿದ್ದೀಯ?" ಆವತ್ತು ನಿಮ್ಮ ಮುಖದಲ್ಲಿದ್ದ ಗಾಬರಿಯನ್ನು ನಾನು ನೋಡಲಿಲ್ಲ ಎನ್ನುವುದಿಲ್ಲ. ನೋಡಿದೆ. ಸಿಕ್ಕಿಬಿದ್ದ ಗಾಬರಿ ಎಂದುಕೊಂಡೆ. ಹೆಂಡತಿ ಕೂಗಿದರೂ ಕದಲದಷ್ಟು ಶಾಂತಿ ಬಂದಿದ್ದರೆ ಅಂಥ ಶಾಂತಿಗೆ ಬೆಂಕಿ ಹಾಕ ಎಂದು ಬೈದೆ. ನೀವು ನನ್ನ ಕಾಲಿಗೆ ಎಣ್ಣೆ ಹಚ್ಚಿದಿರಿ.

ಹೊಸಬರಿಗೆ ಮೂರ್ತಿಯ ಲಕ್ಷಣಗಳನ್ನು ವಿವರಿಸುವ ಕೆಲಸವನ್ನೂ ಈಚೆಗೆ ನನಗೇ ಬಿಟ್ಟಿದ್ದಿರಿ. ನೀವು ಹೇಳುತ್ತಿದ್ದುದನ್ನೇ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ. ಕಣ್ಣು ಅರ್ಧ ಮುಚ್ಚಿದೆ, ಅರ್ಧ ತೆರೆದಿದೆ, ಒಳಗನ್ನೂ ಹೊರಗನ್ನೂ ಒಟ್ಟಿಗೆ ನೋಡಬೇಕೆಂದು. ಬಲಗೈ ನೆಲ ಮುಟ್ಟಿದೆ, ನಾನು ಇಲ್ಲಿ ಕೂತಿದ್ದಕ್ಕೆ ಈ ನೆಲವೇ ಸಾಕ್ಷಿ ಎಂದು. ಕಿವಿ ಭುಜಕ್ಕೆ ತಾಕುವಷ್ಟು ಉದ್ದ, ಅರಮನೆಯಲ್ಲಿದ್ದಾಗ ತೊಟ್ಟ ಭಾರದ ಚಿನ್ನವನ್ನು ಬಿಚ್ಚಿಟ್ಟ ಗುರುತು ಅದು, ಲೋಕದ ಅಳಲಿಗೆಲ್ಲ ಕಿವಿಗೊಟ್ಟ ಗುರುತೂ ಹೌದು ಎಂದು. ಅವನ ಕಣ್ಣು ಅರ್ಧ ಮುಚ್ಚಿದ್ದರೆ ನಿಮ್ಮದು ಪೂರ್ತಿ ಮುಚ್ಚಿತ್ತು. ಅವನಿಗೆ ಸಾಕ್ಷಿಗೆ ನೆಲವಾದರೂ ಇತ್ತು, ನಾನು ನಿಮ್ಮ ಜೊತೆ ಬಾಳಿದ್ದಕ್ಕೆ ಸಾಕ್ಷಿ ಯಾರು? ಕಿವಿಯ ಮಾತಂತೂ ಬೇಡವೇ ಬೇಡ. ಲೋಕದ ಅಳಲಿರಲಿ, ಹಾಲು ಉಕ್ಕುತ್ತಿದೆ ಎಂದರೂ ನಿಮಗೆ ನಾಟುತ್ತಿರಲಿಲ್ಲ.

ಹೋದ ತಿಂಗಳು ಒಬ್ಬಾಕೆ ಬಂದಿದ್ದಳು, ಮನೆಗಳ ಒಳಾಂಗಣ ಅಲಂಕರಿಸುವವಳು. ಬುದ್ಧನ ತಲೆ ಮಾತ್ರ ಸಿಗುತ್ತದೆಯೇ, ಸ್ನಾನದ ಕೋಣೆಯ ಕನ್ನಡಿಯ ಪಕ್ಕದಲ್ಲಿಟ್ಟರೆ ಶಾಂತವಾಗಿರುತ್ತದೆ ಎಂದು ಕೇಳಿದಳು. ಕುಳಿತವರ ಕಣ್ಣಿಗಿಂತ ತುಸು ಎತ್ತರದಲ್ಲಿಡಬೇಕು, ನೆಲದ ಮೇಲೆ, ಚಪ್ಪಲಿಯ ಹತ್ತಿರ, ಬಚ್ಚಲಿನ ಎದುರು ಇಡಬಾರದು, ಮೈಯಿಲ್ಲದ ತಲೆಯನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿ ಕಳಿಸಿದೆ. ಅವಳು ಹೋದ ಮೇಲೆ ನನಗೇ ನಗು ಬಂತು. ಮೈಯಿಲ್ಲದ ತಲೆಯ ಜೊತೆ ಇಷ್ಟು ದಿನ ಸಂಸಾರ ಮಾಡಿದವಳು ನಾನೇ ಅಲ್ಲವೇ?

ಈಗ ಆ ಗುರುವಾರದ ಮಾತು. ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಹೋದರೆ ನಾನು ಯಾಕೆ ಹೊರಟೆ ಎಂದು ಜನ ಕೇಳಿದಾಗ ನೀವು ಮತ್ತೆ ಮುಗುಳ್ನಗುತ್ತೀರಿ.

ಆ ದಿನ ಎಲ್ಲರೂ ಹೋದ ಮೇಲೆ ನಾನು ಮೂರ್ತಿಯ ಕಿವಿಯ ಹಿಂದಿನ ಊದುಬತ್ತಿಯ ಮಸಿ ಒರೆಸುತ್ತಿದ್ದೆ. ನೀವು ನನ್ನ ಹಿಂದೆ ಆಸನದ ಮೇಲೆ ಕೂತಿದ್ದಿರಿ. ಎಷ್ಟೋ ದಿನಗಳಿಂದ ನಾಲಿಗೆಯ ತುದಿಯಲ್ಲಿದ್ದ ಮಾತು, ನಿಮ್ಮ ಮುಖ ನೋಡಿ ಕೇಳುವ ಧೈರ್ಯವಿಲ್ಲದೆ ಬುದ್ಧನ ಕಡೆ ನೋಡಿಕೊಂಡೇ ಕೇಳಿದೆ. "ರೀ, ನಾನು ಈ ಮನೇಲಿ ಇಲ್ದೇ ಹೋದ್ರೆ ನಿಮಗೆ ನೆಮ್ಮದಿನಾ?" ಕೂಗಿ ಕೇಳಲಿಲ್ಲ. ಜಗಳದ ದನಿಯಲ್ಲೂ ಕೇಳಲಿಲ್ಲ. ಆಮೇಲೆ ತಿರುಗಿ ನೋಡಿದೆ. ನೀವು ನನ್ನನ್ನು ನೋಡಿ, ಅದೇ ನಗು ನಕ್ಕು, ತಲೆಯಾಡಿಸಿ ಹೇಳಿದಿರಿ: "ಆಗಲಿ, ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ."

ಅಷ್ಟೇ. ಬ್ರಷ್ಷು ತೊಳೆದಿಟ್ಟು ಮೇಲೆ ಹೋಗಿ ಅಡುಗೆ ಮಾಡಿದೆ. ನೀವು ಊಟ ಚೆನ್ನಾಗಿದೆ ಎಂದಿರಿ. ಅದರ ಮುಂದಿನ ವಾರ ಕೆರೆಯಾಚೆಯ ಕೇಂದ್ರದವರು ಕರೆದಾಗ, ಅಲ್ಲಿ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲವಂತೆ ಎಂದು ನನಗೆ ಹೇಳಿದಿರಿ. ಹೇಳುವಾಗ ನಿಮ್ಮ ಮುಖ ಹೊರೆ ಇಳಿಸಿದವರ ಹಾಗೆ ಅರಳಿತ್ತು. ಆ ಹೊರೆ ನಾನೇ ಎಂದು ತಿಳಿಯಲು ಧ್ಯಾನ ಬೇಕಿರಲಿಲ್ಲ. ನೀವು ಹೊರಟ ದಿನ ಕೇಂದ್ರದವರು ಹೇಳಿದ ಹೊತ್ತಿಗಿಂತ ಮೊದಲೇ ಕಾರು ತಂದರು, ಬೆಳಗಿನ ಧ್ಯಾನದವರೆಲ್ಲ ಇನ್ನೂ ಕೋಣೆಯಲ್ಲೇ ಇದ್ದರು. ನೀವು ಬಾಗಿಲಲ್ಲಿ ನಿಂತು ಮೂರ್ತಿಯನ್ನು ನೋಡಿದಿರಿ, ಮತ್ತೆ ನೋಡಿದಿರಿ, ಮೂರನೇ ಸಲವೂ ತಿರುಗಿ ನೋಡಿದಿರಿ. ನಾನು ಪಕ್ಕದಲ್ಲೇ ಫ್ಲಾಸ್ಕು ಹಿಡಿದು ನಿಂತಿದ್ದೆ. ಕಂಚಿಗೆ ಸಿಕ್ಕ ನೋಟ ನನಗೆ ಸಿಗಲಿಲ್ಲ.

ಹಾಗಾಗಿ ನಿಮ್ಮ ಕಂಚನ್ನು ನಿಮಗೇ ಕಳಿಸುತ್ತಿದ್ದೇನೆ. ನಾಳೆ ಬ್ಯಾಂಕಿನಾಕೆ ರಜೆ ಹಾಕಿ ಬರುತ್ತಾಳೆ, ಇಬ್ಬರೂ ಸೇರಿ ಸುತ್ತುತ್ತೇವೆ. ಮೊದಲು ಮೆತ್ತನೆಯ ಹತ್ತಿ ಬಟ್ಟೆ, ಆಮೇಲೆ ಕಂಬಳಿ, ಆಮೇಲೆ ಪೆಟ್ಟಿಗೆ. ನಿಮಗೆ ಮನಸ್ಸಿಗೆ ಬಂದಾಗ ನೀವೇ ಧೂಳು ಒರೆಸಿಕೊಳ್ಳಿ. ಬ್ರಷ್ಷನ್ನೂ ಜೊತೆಗೆ ಇಡುತ್ತೇನೆ. ಎಡ ಮೊಣಕೈಯ ಸಂದಿಯಲ್ಲಿ ಧೂಳು ಬೇಗ ಕೂರುತ್ತದೆ, ನೋಡಿಕೊಳ್ಳಿ. ದಿನವೂ ಒರೆಸಲು ಹೋಗಬೇಡಿ, ವಾರಕ್ಕೊಮ್ಮೆ ಸಾಕು, ಅತಿಯಾದ ಆರೈಕೆಯೂ ಕಂಚನ್ನು ಸವೆಸುತ್ತದೆ. ನಾನು ಸಂಜೆ ಹೊತ್ತು ಅವನ ಎದುರು ಕೂರುತ್ತಿದ್ದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಲು ನೋವಿಗೆ ಕೂತಿದ್ದೆ.

ಇನ್ನು ಬರೆಯಲು ಏನೂ ಇಲ್ಲ. ಇದ್ದರೂ ನಿಮಗೆ ಹೇಳಿ ಏನು ಪ್ರಯೋಜನ?

ಇಂತಿ,
ಗದ್ದಲದವಳು

ತಾ.ಕ. (ಸೋಮವಾರ, ಮಧ್ಯಾಹ್ನ)

ಮೂರ್ತಿಯನ್ನು ಮಗುಚಿದೆ.

ಪೀಠದಡಿಯ ಬಟ್ಟೆ ಒಂದು ಕಡೆ ಎದ್ದಿತ್ತು, ಹಾಗೇ ಕಳಿಸಿದರೆ ದಾರಿಯಲ್ಲಿ ಕೆಳಗೆಲ್ಲ ಗೀರು ಬೀಳುತ್ತದೆ ಎಂದು ಬ್ಯಾಂಕಿನಾಕೆಗೆ ಹೇಳಿದೆ. ಅದು ನೆಪ. ನೀವು ಬೇಡ ಎಂದು ಗೆರೆ ಎಳೆದಿದ್ದಿರಲ್ಲ, ಆ ಸಿಟ್ಟಿಗೆ ಮಗುಚಿದೆ. ಅವಳು ಭುಜ ಹಿಡಿದಿದ್ದಳು, ನಾನು ಹಲಗೆ ಬಿಚ್ಚಿದೆ. ಕೆಲವು ಮೂರ್ತಿಗಳ ಒಳಗೆ ಮಂತ್ರದ ಸುರುಳಿ ಇಟ್ಟಿರುತ್ತಾರೆ ಎಂದು ನೀವೇ ಹಿಂದೆ ಹೇಳಿದ್ದಿರಿ. ನನ್ನ ಕೈಗೆ ಸಿಕ್ಕಿದ್ದು ನೀಲಿ ಕಾಲುಚೀಲ.

ಅದರೊಳಗೆ ಒಂದು ಪುಟ್ಟ ಡಬ್ಬಿ, ಡಬ್ಬಿಯೊಳಗೆ ಕಿವಿಗೆ ಹಾಕುವ ಮಷೀನು. ನಮ್ಮ ಬೀಗರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದೇ. ಅವರು ಅದನ್ನು ಹಾಕಿಕೊಂಡು ಮೊದಲ ಸಲ ಮನೆಗೆ ಬಂದ ದಿನ, ಇನ್ನು ಇವರ ಕಥೆ ಮುಗಿಯಿತು, ಮುದುಕರಾದರು ಎಂದು ನೀವು ನನ್ನ ಹತ್ತಿರ ನಕ್ಕಿದ್ದು ನೆನಪಾಯಿತು. ಜೊತೆಗಿದ್ದ ಬಿಲ್ಲೆ ಬ್ಯಾಟರಿಗಳ ಪಟ್ಟಿಯಲ್ಲಿ ಒಂದನ್ನು ಮಾತ್ರ ತೆಗೆದಿದ್ದೀರಿ. ಅಂದರೆ ಒಂದು ಸಲ ಹಾಕಿ ನೋಡಿ, ಕನ್ನಡಿಯ ಮುಂದೆ ನಿಂತು, ಬಿಚ್ಚಿಟ್ಟಿದ್ದೀರಿ. ನಿಮ್ಮ ಜೇಬು, ಬೀರು, ಪುಸ್ತಕದ ಸಂದಿ, ಎಲ್ಲ ಕಡೆ ನನ್ನ ಕೈ ಓಡಾಡುತ್ತದೆ. ಓಡಾಡದ ಜಾಗ ಒಂದು ಬೇಕಿತ್ತು, ಅದಕ್ಕೆ ಅಪಚಾರ ಹುಟ್ಟಿಸಿದಿರಿ. ಕಿವಿಗೊಟ್ಟು ಕೇಳುವುದನ್ನು ಊರಿಗೆಲ್ಲ ಕಲಿಸುವವರು ಇದನ್ನು ಹಾಕಿಕೊಂಡು ಆ ಆಸನದ ಮೇಲೆ ಹೇಗೆ ಕೂರುವುದು ಎಂದು ನಾಚಿಕೆಯಾಗಿರಬೇಕು. ಊರಿನ ಮುಂದೆ ನಾಚಿಕೆ, ಸರಿ. ನನ್ನ ಮುಂದೆಯೂ ನಾಚಿಕೆಯೇ? ನಿಮ್ಮ ಹಲ್ಲು ನೋವು, ಹೊಟ್ಟೆ ನೋವು, ಗೊರಕೆ ಯಾವುದು ನನಗೆ ಗೊತ್ತಿಲ್ಲದ್ದು?

ಬ್ಯಾಂಕಿನಾಕೆ ಏನದು ಎಂದು ಬಗ್ಗಿ ನೋಡಿದಳು. ಕಳೆದುಹೋಗಿದ್ದ ಕಾಲುಚೀಲ ಎಂದೆ. ಸುಳ್ಳಂತೂ ಅಲ್ಲ. ಅವಳು ಕೈ ತೊಳೆಯಲು ಹೋದಾಗ ಹೊಸ ಬಿಲ್ಲೆಯೊಂದನ್ನು ಹಾಕಿ ಮಷೀನನ್ನು ನನ್ನ ಕಿವಿಗೆ ಇಟ್ಟು ನೋಡಿದೆ. ನಿಮ್ಮ ಅಳತೆಯದು, ನನಗೆ ದೊಡ್ಡದು. ಅಷ್ಟರಲ್ಲೇ ಮೇಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು, ದರ್ಜಿಯ ಮಷೀನು ಕಿವಿಯೊಳಗೇ ಓಡಿದಂತಾಯಿತು. "ರೀ" ಎಂದು ಮೆಲ್ಲಗೆ ಅಂದು ನೋಡಿದೆ. ನನ್ನ ದನಿ ಇಷ್ಟು ಹತ್ತಿರದಿಂದ ಕೇಳಿಸುತ್ತಿತ್ತಲ್ಲ ನಿಮಗೆ, ಇದನ್ನು ಹಾಕಿಕೊಂಡಿದ್ದರೆ.

ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. ಹೆಚ್ಚಾಗಿದೆ. ಬಚ್ಚಲಲ್ಲಿ ಬಿದ್ದು ಕೂಗಿದ್ದು ಹೋಗಲಿ, ಆಮೇಲೆ ಬೈದದ್ದಾದರೂ ನಿಮಗೆ ತಲುಪಿದೆ ಎಂದು ಸಮಾಧಾನದಲ್ಲಿದ್ದೆ. ಅದೂ ಬರೀ ಗಾಳಿಗೆ ಹೋಯಿತು. ಒಂದು ವರ್ಷದ ನನ್ನ ಜಗಳವೆಲ್ಲ ವ್ಯರ್ಥ. ನೀವು ಸಂತರಾದಿರಿ ಎಂದು ನಾನೂ, ಗುರುಗಳು ಶಬ್ದವನ್ನು ದಾಟಿದರು ಎಂದು ಅವರೂ, ಒಬ್ಬರಿಗಾದರೂ ನಿಮ್ಮ ಕಿವಿ ನೋಡಬೇಕೆಂದು ಹೊಳೆಯಲಿಲ್ಲ. ನಾನೋ, ವಾರವಾರ ಕಂಚಿನ ಕಿವಿ ಒರೆಸುತ್ತಾ ಕೂತಿದ್ದೆ.

ಎರಡೆರಡು ಕಾಗದ ಬರೆದು ನೀವು ತರಿಸಿಕೊಳ್ಳಲು ನೋಡಿದ್ದು ಬುದ್ಧನನ್ನಲ್ಲ ಎಂದು ಈಗ ಗೊತ್ತಾಯಿತು. ಅಲ್ಲಿ ಯಾರೂ ಮಾತಾಡದಿದ್ದರೂ ನಿಮಗೆ ಅದು ಬೇಕು ಅನ್ನಿಸಿದೆ. ಯಾಕೆ ಎಂದು ಊಹೆ ಮಾಡಿಕೊಂಡು ಸುಮ್ಮಸುಮ್ಮನೆ ಸಂತೋಷಪಡುವ ವಯಸ್ಸು ನನ್ನದಲ್ಲ.

ಆದರೆ ಆ ಗುರುವಾರ ನಾನು ನಿಮಗೆ ಬೆನ್ನು ಹಾಕಿ ನಿಂತಿದ್ದೆ. ನನ್ನ ತುಟಿ ನಿಮಗೆ ಕಂಡಿರಲಿಲ್ಲ. ಬೆಳಗ್ಗೆಯಿಂದ ಇದೊಂದೇ ಯೋಚನೆ, ಬೇರೆ ಏನೂ ತಲೆಗೆ ಹೋಗುತ್ತಿಲ್ಲ.

ಬುದ್ಧನಿಗೆ ಹೊಸ ಬಟ್ಟೆ ಅಂಟಿಸಿ ಇದ್ದಲ್ಲೇ ಕೂರಿಸಿದ್ದೇವೆ. ಅವನು ಎಲ್ಲಿಗೂ ಬರುವುದಿಲ್ಲ. ಬುಧವಾರ ಆ ವ್ಯಾನಿನಲ್ಲಿ ನಾನು ಬರುತ್ತೇನೆ. ಬ್ಯಾಂಕಿನಾಕೆ ನಾಳೆ ಆ ಕಡೆ ಹೋಗುವವಳಿದ್ದಾಳೆ. ಅವಳ ಕೈಯಲ್ಲಿ ಈ ಕಾಗದವನ್ನೂ, ಕಾಲುಚೀಲದಲ್ಲಿ ಸುತ್ತಿ ಹೊಲಿದು ಡಬ್ಬಿಯನ್ನೂ ಕಳಿಸುತ್ತಿದ್ದೇನೆ. ಹೊಸ ಬ್ಯಾಟರಿ ಹಾಕಿದ್ದೇನೆ. ನಾನು ಬರುವ ಹೊತ್ತಿಗೆ ಅದು ನಿಮ್ಮ ಕಿವಿಯಲ್ಲಿರಲಿ. ಎದುರಿಗೆ ಕೂತು ಆ ಮಾತನ್ನು ಇನ್ನೊಂದು ಸಲ ಕೇಳುತ್ತೇನೆ. ದನಿ ಏರಿಸುವುದಿಲ್ಲ. ಪೂರ್ತಿ ಮುಗಿಸಲು ಬಿಟ್ಟು, ಆಮೇಲೆ ತಲೆಯಾಡಿಸಿ.

ನನ್ನ ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಲ್ಲ. ವ್ಯಾನಿನಲ್ಲಿ ಅದೂ ನನ್ನ ಜೊತೆ ಬರುತ್ತದೆ.